ಮನೆಯಲ್ಲೇ ಕಲಿಯುವ ಮಗಳನ್ನು ಸರ್ಕಾರಿ ಹೈಸ್ಕೂಲಿಗೆ ಬರೀ ಖೋ-ಖೋಗೆ ಕಳಿಸಬಹುದಾ?

ಹನುಮಂತನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನನಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೆರಡು ತುಂಬಿದೆ. ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಶಾಲೆ ಬಿಡಿಸಿದೆವು, ಈಗ ಮನೆಯಲ್ಲೇ ಕಲಿಯುತ್ತಿದ್ದಾಳೆ. ಯಾಕೆ ಬಿಡಿಸಿದಿರಿ ಅಂತ ಕೇಳಬೇಡಿ, ಅದು ಬೇರೆ ಕಥೆ, ನಮ್ಮ ಅತ್ತೆಗೇ ಇನ್ನೂ ಸಮಾಧಾನ ಆಗಿಲ್ಲ. ಮಗ ಒಂಬತ್ತನೇ ಕ್ಲಾಸ್, ಖಾಸಗಿ ಸಿಬಿಎಸ್‌ಇ ಶಾಲೆ. ಅಲ್ಲಿ ರೋಬೋಟಿಕ್ಸ್ ಇದೆ, ಫ್ರೆಂಚ್ ಇದೆ, ಮೈದಾನ ಮಾತ್ರ ಇಲ್ಲ. ಪಿಟಿ ಪೀರಿಯಡ್ ನಡೆಯುವುದು ಟೆರೇಸ್ ಮೇಲೆ. ಚೆಂಡು ಪಕ್ಕದ ಮನೆಯ ನೀರಿನ ಸಂಪಿನೊಳಗೆ ಬಿದ್ದರೆ ಅವತ್ತಿನ ಆಟ ಮುಗಿಯಿತು.

ನಮ್ಮ ರಸ್ತೆಯ ಕೊನೆಗೆ ಒಂದು ಸರ್ಕಾರಿ ಹೈಸ್ಕೂಲಿದೆ. ಕಟ್ಟಡ ಹಳೆಯದು, ಆದರೆ ಮಣ್ಣಿನ ಮೈದಾನ ಇದೆ, ಎರಡು ಕಂಬ ನೆಟ್ಟ ಖೋ-ಖೋ ಅಂಕಣ ಇದೆ. ಪಿಟಿ ಮೇಷ್ಟ್ರು ಸಂಜೆ ಶಾಲೆ ಬಿಟ್ಟ ಮೇಲೂ ಹುಡುಗಿಯರ ತಂಡ ಇಟ್ಟುಕೊಂಡು ಓಡಿಸುತ್ತಿರುತ್ತಾರೆ. ಒಬ್ಬಳು ಕಂಬ ಹಿಡಿದು ಡೈವ್ ಹೊಡೆದರೆ ಧೂಳೆದ್ದು ಬೀದಿಗೆ ಬರುತ್ತದೆ. ನನ್ನ ಮಗಳನ್ನು ಕೊತ್ತಂಬರಿ ತರಲು ಕಳಿಸಿದರೆ ಆ ಗೇಟಿನ ಹತ್ತಿರ ನಿಂತವಳು ಬರುವುದೇ ಇಲ್ಲ.

ಗಣಿತ ನಾನೇ ಹೇಳಿಕೊಡುತ್ತೇನೆ, ಮೊದಲು ಅಕೌಂಟ್ಸ್ ಕೆಲಸದಲ್ಲಿದ್ದವಳು. ವಿಜ್ಞಾನಕ್ಕೆ ಅವರಪ್ಪ ಇದ್ದಾರೆ. ಕನ್ನಡಕ್ಕೆ ಅಜ್ಜಿ ಇದ್ದಾರೆ, ಹಳಗನ್ನಡದವರೆಗೂ ಎಳೆದುಕೊಂಡು ಹೋಗುತ್ತಾರೆ. ಖೋ-ಖೋ ಹೇಗೆ ಹೇಳಿಕೊಡಲಿ? ಒಂದು ಕಡೆಗೇ ಒಂಬತ್ತು ಜನ ಬೇಕು, ಎಂಟು ಜನ ಕೂರಬೇಕು, ಒಬ್ಬಳು ಅಟ್ಟಿಸಬೇಕು. ಇದಕ್ಕೆ ಟ್ಯೂಷನ್ ಇಲ್ಲ, ಯೂಟ್ಯೂಬೂ ಇಲ್ಲ.

ಈ ಯೋಚನೆ ಬಂದದ್ದು ನನ್ನ ಚಿಕ್ಕಮ್ಮನ ಮಗಳಿಂದ. ಅವಳಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಮಗ ಓದುವುದು ಖಾಸಗಿ ಶಾಲೆ, ಆದರೆ ದಿನಾ ಒಂದು ಪೀರಿಯಡ್ ಊರಿನ ಸರ್ಕಾರಿ ಶಾಲೆಗೆ ಹೋಗಿ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದಿ ಬರುತ್ತಾನೆ. ದುಡ್ಡೂ ಇಲ್ಲವಂತೆ. ಅಲ್ಲಿ ಮನೆಯಲ್ಲಿ ಓದುವ ಮಕ್ಕಳಿಗೂ ಹಾಗೆ ಅವಕಾಶ ಇದೆಯಂತೆ.

ಇಲ್ಲಿ ಹಾಗೆ ಏನಾದರೂ ಇದೆಯಾ? ನಾನು ಹೋಗಿ ಹೆಡ್‌ಮಾಸ್ಟರನ್ನು ಕೇಳಿದೆ. ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಆದರೆ "ಸ್ಯಾಟ್ಸ್ ನಂಬರ್ ಎಷ್ಟಮ್ಮಾ?" ಅಂತ ಕೇಳಿದರು (ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ನಂಬರಂತೆ), ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ಕಾರಿ ಶಾಲೆಯ ವ್ಯವಸ್ಥೆ ಗೊತ್ತಿರುವವರು ಯಾರಾದರೂ ಹೇಳಿ.

---

ಗ್ರ್ಯಾಂಡ್ ರ‍್ಯಾಪಿಡ್ಸ್ ಗೌಡ:

ಅಕ್ಕ, ನಾನೂ ಮಿಶಿಗನ್‌ನಲ್ಲೇ ಇರುವುದು. ನಿಮ್ಮ ತಂಗಿ ಹೇಳಿದ್ದು ನಿಜ. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ, ಕೋರ್ಟಿಗೆ ಹೋಗಿ ಬಂದದ್ದು. ಖಾಸಗಿ ಶಾಲೆಯ ಒಬ್ಬ ಹುಡುಗಿಗೆ ಸರ್ಕಾರಿ ಶಾಲೆಯ ಬ್ಯಾಂಡ್ ಕ್ಲಾಸ್ ಬೇಕಿತ್ತು. ಶಾಲೆಯವರು ಆಗಲ್ಲ ಅಂದರು. 1984ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟ್ ಹುಡುಗಿಯ ಪರ ಹೇಳಿತು. ಬ್ಯಾಂಡ್‌ನಂಥ ಎಲೆಕ್ಟಿವ್, ಅಂದರೆ ಇಷ್ಟವಿದ್ದವರು ಆರಿಸಿಕೊಳ್ಳುವ ವಿಷಯವನ್ನು ಸರ್ಕಾರಿ ಶಾಲೆ ತನ್ನ ಮಕ್ಕಳಿಗೆ ಕೊಡುತ್ತಿದ್ದರೆ, ಅದೇ ಊರಿನ ಖಾಸಗಿ ಶಾಲೆ ಮಕ್ಕಳಿಗೂ ಕೊಡಬೇಕು ಅಂತ.

ಬರೀ ಎಲೆಕ್ಟಿವ್ ಅನ್ನುವುದನ್ನು ಗಮನಿಸಿ. ಗಣಿತ, ಇಂಗ್ಲಿಷ್, ವಿಜ್ಞಾನ, ಸಮಾಜ ಇದರಲ್ಲಿ ಬರಲ್ಲ. ಅವು ನಿಮ್ಮ ಹೊಣೆ. ಬ್ಯಾಂಡ್, ಚಿತ್ರಕಲೆ, ಜಿಮ್, ಕಂಪ್ಯೂಟರ್ ಇಂಥವು ಮಾತ್ರ. ಮಗು ದಿನದಲ್ಲಿ ಎಷ್ಟು ಹೊತ್ತು ಅಲ್ಲಿ ಕೂರುತ್ತದೋ ಆ ಲೆಕ್ಕದಲ್ಲಿ ಶಾಲೆಗೆ ರಾಜ್ಯದಿಂದ ದುಡ್ಡು ಬರುತ್ತದೆ. ಅದಕ್ಕೇ ಇಲ್ಲಿನ ಹೆಡ್‌ಮಾಸ್ಟರುಗಳು ಮುಖ ಸಿಂಡರಿಸುವುದಿಲ್ಲ.

ಆಟದ ತಂಡಕ್ಕೆ ಸೇರುವ ವಿಷಯ ಬೇರೆ, ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಫ್ಲೋರಿಡಾದಲ್ಲಿ ಮನೆಯಲ್ಲಿ ಓದುವ ಮಕ್ಕಳು ಸರ್ಕಾರಿ ಶಾಲೆಯ ತಂಡದಲ್ಲಿ ಆಡಬಹುದು ಅಂತ 1996ರಲ್ಲೇ ಕಾನೂನು ಮಾಡಿದರು. ಟಿಮ್ ಟೀಬೋ ಅಂತ ಫುಟ್‌ಬಾಲ್ ಆಟಗಾರ ಹಾಗೆ ಬಂದವನು. ಅವರ ಫುಟ್‌ಬಾಲ್, ನಮ್ಮದಲ್ಲ. ಎಲ್ಲಾ ರಾಜ್ಯಗಳಲ್ಲೂ ಇಷ್ಟು ಸಲೀಸಿಲ್ಲ.

---

ಹೈಸ್ಕೂಲ್ ಮೇಷ್ಟ್ರು:

ಮೇಡಂ, ನಾನು ಬೆಂಗಳೂರು ದಕ್ಷಿಣದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನೇರವಾಗಿ ಹೇಳಿಬಿಡುತ್ತೇನೆ, ನೀವು ಕೇಳುತ್ತಿರುವಂಥ ಅರೆಬರೆ ದಾಖಲಾತಿ ನಮ್ಮಲ್ಲಿಲ್ಲ.

ನಿಮ್ಮ ಹೆಡ್‌ಮಾಸ್ಟರ್ ಸ್ಯಾಟ್ಸ್ ನಂಬರ್ ಕೇಳಿದ್ದು ಕೊಕ್ಕೆ ಹಾಕಲು ಅಲ್ಲ. ನಮ್ಮಲ್ಲಿ ಮಗು ಅಂದರೆ ಆ ನಂಬರೇ. ಹಾಜರಿ, ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಯೂನಿಫಾರಂ, ಸ್ಕಾಲರ್‌ಶಿಪ್, ಕೊನೆಗೆ ಎಸ್ಸೆಸ್ಸೆಲ್ಸಿ ನೋಂದಣಿ ಎಲ್ಲ ಅದರ ಹಿಂದೆ ಬರುತ್ತದೆ. ಒಂದು ನಂಬರು ಒಂದು ಶಾಲೆಯಲ್ಲಿ ಮಾತ್ರ ಇರಬಹುದು. ಮಿಶಿಗನ್‌ನವರು ಪೀರಿಯಡ್ ಲೆಕ್ಕ ಹಾಕುತ್ತಾರೆ, ನಾವು ತಲೆ ಲೆಕ್ಕ ಹಾಕುತ್ತೇವೆ. ಮೇಷ್ಟ್ರುಗಳ ಹುದ್ದೆಯೂ ತಲೆ ಲೆಕ್ಕದ ಮೇಲೆಯೇ. ಹಾಗಾಗಿ ನಿಮ್ಮ ಮಗಳು ಬಂದು ಆಡಿದರೆ ಶಾಲೆಗೆ ಕಾಗದದ ಮೇಲೆ ಲಾಭ ಸೊನ್ನೆ. ಬಿದ್ದು ಕೈ ಮುರಿದುಕೊಂಡರೆ ಮಾತ್ರ ಕಾಗದ ಶುರುವಾಗುತ್ತದೆ. "ರಿಜಿಸ್ಟರಿನಲ್ಲಿ ಇಲ್ಲದ ಮಗು ಮೈದಾನದಲ್ಲಿ ಯಾಕಿತ್ತು?" ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೇಳಿದರೆ ಆ ಪಿಟಿ ಮೇಷ್ಟ್ರು ಏನು ಹೇಳಬೇಕು?

ಇನ್ನೊಂದು ಮಾತು. ಎಲೆಕ್ಟಿವ್ ಅಂದ ಕೂಡಲೇ ನಮ್ಮ ಶಾಲೆಗಳಲ್ಲಿ ಸಾಲಾಗಿ ಬ್ಯಾಂಡು, ಚಿತ್ರಕಲೆ, ನಾಟಕ ನಡೆಯುತ್ತಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬಂದಿಲ್ಲ. ಸಂಗೀತದ ಟೀಚರ್ ಇರುವ ಸರ್ಕಾರಿ ಹೈಸ್ಕೂಲನ್ನು ಹುಡುಕಬೇಕು. ಎಲೆಕ್ಟಿವ್‌ಗೆ ಹತ್ತಿರ ಅನ್ನುವಂಥದ್ದು ಎನ್‌ಎಸ್‌ಕ್ಯೂಎಫ್ ವೃತ್ತಿ ಶಿಕ್ಷಣ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿಂದ ಐಟಿ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ರೀಟೇಲ್ ಇಂಥವು ಇವೆ. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲು ತೆಗೆದುಕೊಳ್ಳಬಹುದು. ನಿಮ್ಮ ಮಗನ ಶಾಲೆಯ ರೋಬೋಟಿಕ್ಸ್‌ಗಿಂತ ನಮ್ಮ ಹುಡುಗರು ಬೈಕ್ ಎಂಜಿನ್ ಬಿಚ್ಚುವುದನ್ನು ನೋಡಬೇಕು ನೀವು. ಆದರೆ ಅದೂ ಸೇರಿದವರಿಗೆ ಮಾತ್ರ.

ನಿಮ್ಮ ಮಗನ ವಿಷಯ ಸುಲಭ. ಇಲಾಖೆಯ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎರಡಕ್ಕೂ ಖಾಸಗಿ ಶಾಲೆ ಮಕ್ಕಳು ಬರಬಹುದು, ಸಿಬಿಎಸ್‌ಇ ಶಾಲೆಯವರನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಮಾತ್ರ ಮೊದಲು ವಿಚಾರಿಸಿ. ಅವರವರ ಶಾಲೆಯ ಹೆಸರಲ್ಲೇ ಬರಬೇಕು, ಅಷ್ಟೇ. ಅವನ ಶಾಲೆ ತಂಡ ಕಳಿಸದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ಕೇಳಿ. ಅಷ್ಟೊಂದು ಫೀಸ್ ಕಟ್ಟುತ್ತೀರಿ, ಅಲ್ವಾ? ಮಗಳಿಗೆ ಆ ದಾರಿ ಇಲ್ಲ. ಹೆಸರು ಕಳಿಸಲು ಶಾಲೆಯೇ ಇಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಶಾಲೆ ಸಮಯ ಮುಗಿದ ಮೇಲೆ ಮೈದಾನ ಬೇರೆ ವಿಷಯ. ಹೆಡ್‌ಮಾಸ್ಟರಿಗೂ ಎಸ್‌ಡಿಎಂಸಿಗೂ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸೇರಿಸಿ ಒಂದು ಅರ್ಜಿ ಕೊಡಿ. ಸಂಜೆ ಅಭ್ಯಾಸಕ್ಕೆ ಮಗಳನ್ನು ಬಿಡಿ, ಹೊಣೆ ನಮ್ಮದು ಅಂತ ಬರೆಯಿರಿ. ಎಸ್‌ಡಿಎಂಸಿಯಲ್ಲಿ ಇರುವವರು ಹೆಚ್ಚಿನವರು ಅಲ್ಲಿನ ಮಕ್ಕಳ ಅಪ್ಪ ಅಮ್ಮಂದಿರೇ. ಪಿಟಿ ಮೇಷ್ಟ್ರಿಗೆ ಅಭ್ಯಾಸಕ್ಕೆ ಎದುರಾಳಿ ತಂಡ ಕಟ್ಟಲು ಹುಡುಗಿಯರು ಯಾವಾಗಲೂ ಕಮ್ಮಿ ಬೀಳುತ್ತಾರೆ, ಅವರನ್ನು ಮೊದಲು ಮಾತಾಡಿಸಿ.

---

ಕತ್ರಿಗುಪ್ಪೆ ಸೀನ:

ಬೇಜಾರಾಗಬೇಡಿ, ಸುಮ್ನೆ ಕೇಳುತ್ತೇನೆ. ಸರ್ಕಾರಿ ಶಾಲೆ ಬೇಡ ಅಂತ ಎಲ್ಲರೂ ಬಿಟ್ಟು ಹೋದಿರಿ. ಮಕ್ಕಳ ಸಂಖ್ಯೆ ಇಳಿಯಿತು ಅಂತ ನಮ್ಮ ಏರಿಯಾದ ಪ್ರೈಮರಿ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿದರು. ಈಗ ಮೈದಾನ ಮಾತ್ರ ಬೇಕು, ಬೆಂಚು ಬೇಡ. ಮೇಷ್ಟ್ರೇ ಹೇಳಿದರಲ್ಲ, ತಲೆ ಲೆಕ್ಕದ ಮೇಲೆ ಹುದ್ದೆ ಅಂತ. ನಿಮ್ಮ ಮಕ್ಕಳ ತಲೆ ಆ ಲೆಕ್ಕದಲ್ಲಿ ಇದ್ದಿದ್ದರೆ ಡ್ರಾಯಿಂಗ್ ಮೇಷ್ಟ್ರೂ ಇರುತ್ತಿದ್ದರು.

ಪೂರ್ತಿ ಸೇರಿಸಿ. ಹನ್ನೆರಡು ವರ್ಷ ತುಂಬಿದೆ ಅಂದರೆ ಏಳನೇ ಕ್ಲಾಸಿನ ವಯಸ್ಸು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆ ಬಿಟ್ಟಿದ್ದ ಮಗುವನ್ನೂ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ.

---

ಎನ್‌ಐಒಎಸ್ ತಾಯಿ, ಆರ್‌.ಟಿ. ನಗರ:

ಸೀನ ಅವರ ಕೋಪ ಅರ್ಥ ಆಗುತ್ತದೆ. ಆದರೆ ಒಬ್ಬ ಹುಡುಗಿ ಖೋ-ಖೋ ಆಡಲು ಬಂದರೆ ಸರ್ಕಾರಿ ಶಾಲೆ ಮುಳುಗುವುದಿಲ್ಲ ಬಿಡಿ.

ನನ್ನ ಮಗನೂ ಮನೆಯಲ್ಲಿ ಓದಿದವನು, ಈಗ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ. ಹನುಮಂತನಗರದವರಿಗೆ ಒಂದು ಮಾತು: ಎಲೆಕ್ಟಿವ್ ಬೇಕು ಅಂತ ಶಾಲೆ ಬಾಗಿಲು ತಟ್ಟುವ ಬದಲು ಅದನ್ನೇ ಪರೀಕ್ಷೆಯ ವಿಷಯ ಮಾಡಿಕೊಳ್ಳಬಹುದು. ಹದಿನಾಲ್ಕು ತುಂಬಿದರೆ ಸೇರಬಹುದು. ಕನಿಷ್ಠ ಐದು ವಿಷಯ. ಪೇಂಟಿಂಗ್, ಕರ್ನಾಟಕ ಸಂಗೀತ, ಗೃಹ ವಿಜ್ಞಾನ, ಡೇಟಾ ಎಂಟ್ರಿ ಎಲ್ಲವೂ ಗಣಿತದಷ್ಟೇ ತೂಕದ ವಿಷಯಗಳು. ಭಾಷೆಗೆ ಕನ್ನಡವೂ ಇದೆ. ಐದು ವರ್ಷದ ಒಳಗೆ ಒಂದೊಂದೇ ಬರೆದು ಮುಗಿಸಬಹುದು. ನನ್ನ ಮಗ ಪೇಂಟಿಂಗ್ ಮೊದಲು ಮುಗಿಸಿದ, ವಿಜ್ಞಾನ ಕೊನೆಗೆ ಇಟ್ಟುಕೊಂಡಿದ್ದಾನೆ. ಎಸ್ಸೆಸ್ಸೆಲ್ಸಿಯೇ ಬೇಕು ಅನ್ನುವವರು ಖಾಸಗಿ ಅಭ್ಯರ್ಥಿಯಾಗಿ ಕಟ್ಟುತ್ತಾರೆ, ಆದರೆ ಅದರಲ್ಲಿ ಇಷ್ಟು ಆಯ್ಕೆ ಇಲ್ಲ.

ಕಲಿಯುವ ಜಾಗಕ್ಕೆ ಬೆಂಗಳೂರಲ್ಲಿ ಬರ ಇಲ್ಲ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಮಣ್ಣಿನ ಕೆಲಸ, ಚಿತ್ರಕಲೆ ಇವೆ, ಯಾವ ಶಾಲೆ ಅಂತ ಯಾರೂ ಕೇಳಲಿಲ್ಲ. ಚಿತ್ರಕಲಾ ಪರಿಷತ್ತಿನ ವಾರಾಂತ್ಯದ ಕ್ಲಾಸು, ನೆಹರು ತಾರಾಲಯದ ವಿಜ್ಞಾನ ಶಿಬಿರ ಎರಡಕ್ಕೂ ಹೋಗಿದ್ದಾನೆ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೂ ಶಾಲೆ ಬೇಡ, ಗುರುಗಳೇ ಕಟ್ಟಿಸುತ್ತಾರೆ. ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಶಾಲೆಗೆ ಸೇರದ ಓಪನ್ ಗ್ರೂಪುಗಳಿವೆ, ಮಗಳಿಗೆ ಜೊತೆ ಬೇಕು ಅನ್ನುವುದಾದರೆ ಅದನ್ನೂ ನೋಡಿ. ಕೆಲವು ಶಾಲೆಗಳಲ್ಲಿ ಮಕ್ಕಳು ತಾವೇ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಕಮ್ಯುನಿಟಿ ಡೇ ದಿನ ಹೊರಗಿನ ಮಕ್ಕಳನ್ನೂ ಒಳಗೆ ಬಿಡುತ್ತಾರೆ.

ತೊಂದರೆ ಏನು ಅಂದರೆ ಇವಕ್ಕೆಲ್ಲ ಕರೆದುಕೊಂಡು ಹೋಗಬೇಕು. ಆರ್‌.ಟಿ. ನಗರದಿಂದ ಕಬ್ಬನ್ ಪಾರ್ಕ್ ದೂರ ಏನಲ್ಲ, ಆದರೆ ಮೇಖ್ರಿ ಸರ್ಕಲ್‌ನಲ್ಲಿ ನಿಂತು ನಿಂತು ನಾನೇ ಎರಡು ಸ್ವೆಟರ್ ಹೆಣೆದಿದ್ದೇನೆ.

---

ಹನುಮಂತನಗರದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಸೀನ ಅವರೇ, ನೀವು ಹೇಳಿದ್ದನ್ನು ಮಗಳ ಮುಂದೆಯೇ ಓದಿದೆ. "ಪೂರ್ತಿ ಸೇರುತ್ತೀಯಾ?" ಅಂತಲೂ ಕೇಳಿದೆ. ಬೆಳಿಗ್ಗೆ ಎಂಟು ಗಂಟೆಗೆ ಏಳುವವಳು, ತಲೆ ಅಡ್ಡಡ್ಡ ಆಡಿಸಿದಳು. ಬಲವಂತ ಮಾಡಲ್ಲ. ಆದರೆ ಮೈದಾನ ಮಾತ್ರ ಬೇಕು ಅನ್ನುವುದು ಸರಿಯಲ್ಲ, ಅದು ಒಪ್ಪಿದೆ. ಶಾಲೆಯವರು ಒಪ್ಪಿದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಾರಕ್ಕೆರಡು ಸಂಜೆ ಗಣಿತ ಹೇಳಿಕೊಡುತ್ತೇನೆ ಅಂತ ಅರ್ಜಿಯಲ್ಲೇ ಬರೆಯುತ್ತಿದ್ದೇನೆ. ಅವರು ಬೇಡ ಅಂದರೂ ಪರವಾಗಿಲ್ಲ, ಖೋ-ಖೋಗೆ ಷರತ್ತು ಅಲ್ಲ ಅದು.

ಎನ್‌ಐಒಎಸ್ ತಾಯಿ, ಪೇಂಟಿಂಗ್ ವಿಷಯ ನಿಮಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ಆ ಸಾಮಗ್ರಿ ಎಲ್ಲಿ ಸಿಗುತ್ತದೆ, ಪ್ರಾಕ್ಟಿಕಲ್ ಹೇಗೆ ಅಂತ ತುಂಬಾ ಪ್ರಶ್ನೆ ಇದೆ.

ಮೇಷ್ಟ್ರೇ, ಎರಡು ಸಣ್ಣ ಅನುಮಾನ. ಹೊಣೆ ನಮ್ಮದು ಅನ್ನುವ ಪತ್ರ ಬಿಳಿ ಹಾಳೆಯಲ್ಲಿ ಬರೆದರೆ ಸಾಕಾ, ಛಾಪಾ ಕಾಗದ ಬೇಕಾ? ಪಿಟಿ ಮೇಷ್ಟ್ರನ್ನು ಮೊದಲು ನೋಡಿದರೆ ಹೆಡ್‌ಮಾಸ್ಟರಿಗೆ ಬೇಜಾರಾಗಲ್ವಾ?

---

ಹೈಸ್ಕೂಲ್ ಮೇಷ್ಟ್ರು:

ಬಿಳಿ ಹಾಳೆ ಸಾಕು ಮೇಡಂ. ನೀವೂ ನಿಮ್ಮ ಯಜಮಾನರೂ ಇಬ್ಬರೂ ಸಹಿ ಹಾಕಿ, ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ಹುಡುಗಿಗೆ ಅಲರ್ಜಿ, ವೀಸಿಂಗ್ ಏನಾದರೂ ಇದ್ದರೆ ಅದನ್ನೂ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪಿಟಿ ಮೇಷ್ಟ್ರನ್ನು ಮೊದಲು ನೋಡಿದರೆ ಯಾರಿಗೂ ಬೇಜಾರಿಲ್ಲ. ಅವರು ಹೂಂ ಅಂದರೆ ಹೆಡ್‌ಮಾಸ್ಟರಿಗೂ ಧೈರ್ಯ ಬರುತ್ತದೆ. ಗಣಿತದ ಮಾತನ್ನು ಮಾತ್ರ ಕೊನೆಯ ಸಾಲಲ್ಲಿ ಇಡಬೇಡಿ, ಮೊದಲ ಪ್ಯಾರಾದಲ್ಲೇ ಬರೆಯಿರಿ. ಫಲಿತಾಂಶದ ಚಿಂತೆಯಲ್ಲಿರುವ ಹೆಡ್‌ಮಾಸ್ಟರು ಅಲ್ಲಿಂದ ಮುಂದೆ ಗಮನ ಕೊಟ್ಟು ಓದುತ್ತಾರೆ.

ಶನಿವಾರ ಹೋಗಿ. ಬೆಳಗಿನ ಶಾಲೆ ಇರುತ್ತದೆ, ಬಿಟ್ಟ ಮೇಲೆ ಸ್ವಲ್ಪ ಹೊತ್ತು ಹೆಡ್‌ಮಾಸ್ಟರ್ ಕೈಗೆ ಸಿಗುತ್ತಾರೆ. ಮಗಳನ್ನೂ ಕರೆದುಕೊಂಡು ಹೋಗಿ, ಕಾಲಿಗೆ ಶೂ ಹಾಕಿಸಿ.