ಎಂಜಿಬಿಗೆ ಗರಗಸ ಹಾಕಬೇಕೇ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಅಕ್ಕನ ಮಗ: ಎಲ್ಲರೂ ಈ ವಿಡಿಯೊ ಪೂರ್ತಿ ನೋಡಿ. ಬ್ರಿಟನ್ನಿನ ಎರಡಾಸನದ ಸ್ಪೋರ್ಟ್ಸ್ ಕಾರಾದ ಹಳೆಯ ಎಂಜಿಬಿಯ ಮುಂದಿನ ಇಂಜಿನ್ ತೆಗೆದು, ಬೇರೊಂದು ಕಾರಿನ ಇಂಜಿನ್ನನ್ನು ಸೀಟುಗಳ ಹಿಂದೆ ಕೂರಿಸಿದ್ದಾರೆ. ತಾತನ ಕಾರಿಗೂ ಹೀಗೇ ಮಾಡಬೇಕೆಂದು ನನ್ನ ಆಸೆ.

ದೊಡ್ಡಣ್ಣ: ಅಪ್ಪ ಜೋಪಾನ ಮಾಡಿದ ಕಾರನ್ನು ಕೊಯ್ಯಲು ನನ್ನ ಒಪ್ಪಿಗೆ ಇಲ್ಲ.

ಅಕ್ಕನ ಮಗ: ದೊಡ್ಡ ಮಾವ, 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿವೆ. ಒಂದನ್ನು ಬದಲಾಯಿಸಿದರೆ ಇತಿಹಾಸವೇನೂ ಅಳಿದುಹೋಗುವುದಿಲ್ಲ. ಇಂಜಿನ್ ಎಲ್ಲಿರಬೇಕು ಎಂಬ ವಾದವೂ ಎಂದೋ ಮುಗಿದಿದೆ. 1958ರ ಅರ್ಜೆಂಟೀನಾ ಗ್ರ್ಯಾನ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್ ಚಾಲಕನ ಹಿಂದೆ ಇಂಜಿನ್ ಇರುವ ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದರು. 1960ರಲ್ಲಿ ಇಟಲಿಯ ಮೊಂಝಾದಲ್ಲಿ ನಡೆದ ರೇಸಿನ ನಂತರ ಮುಂದೆ ಇಂಜಿನ್ ಇರುವ ಯಾವ ಕಾರೂ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನ ರೇಸ್ ಗೆದ್ದಿಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ ಏಳು ತಲೆಮಾರು ಹಳೆಯ ವಿನ್ಯಾಸದಲ್ಲೇ ಇದ್ದು, 2020ರ ಮಾದರಿಯಲ್ಲಿ ಇಂಜಿನ್ನನ್ನು ನಡುವಿಗೆ ತಂದಿತು.

ನಾನು: ಅದೆಲ್ಲ ನಿಜ. ಭಾರವಾದ ವಸ್ತು ಕಾರಿನ ನಡುವಿಗೆ ಬಂದಷ್ಟೂ ಕಾರು ಚುರುಕಾಗಿ ತಿರುಗುತ್ತದೆ. ನಡುವಿನಿಂದ ದೂರ ಅರ್ಧವಾದರೆ, ತಿರುಗುವುದಕ್ಕೆ ಆ ವಸ್ತು ಒಡ್ಡುವ ಪ್ರತಿರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ನೀನು ಹೆಸರಿಸಿದ ಕಾರುಗಳನ್ನೆಲ್ಲ ಮೊದಲ ಗೆರೆಯಿಂದಲೇ ಹಾಗೆ ಬರೆದು ಕಟ್ಟಿದ್ದರು. ವಿಡಿಯೊವನ್ನು ಮತ್ತೊಮ್ಮೆ ನೋಡು. ಕಾರು ಹೊರಗೆ ಬರುವಾಗ ಚಾಲಕನ ಮೊಣಕಾಲು ಎಲ್ಲಿದೆ?

ಅಕ್ಕನ ಮಗ: ಸ್ಟೀರಿಂಗ್‌ನ ಎರಡೂ ಬದಿಗೆ, ಡ್ಯಾಶ್‌ಬೋರ್ಡಿಗೆ ತಾಗಿದೆ. ಆತ ಎತ್ತರದ ಮನುಷ್ಯ ಇರಬಹುದು.

ನಾನು: ಎತ್ತರದ ಮಾತಲ್ಲ. ಮುಂದೆ ಉದ್ದದ ಬಾನೆಟ್ ಇರುವ ಎರಡಾಸನದ ಕಾರಿನಲ್ಲಿ ಚಾಲಕ ಹಿಂದಿನ ಆಕ್ಸಲ್‌ಗೆ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗೆ, ಹತ್ತಿರ ಕೂರುತ್ತಾನೆ. ನೀನು ಇಂಜಿನ್ ಇಡಬೇಕೆಂದಿರುವ ಜಾಗದಲ್ಲಿ ಈಗ ಅವನ ಬೆನ್ನಿದೆ. ಇಂಜಿನ್ ಆಕ್ಸಲ್‌ನ ಮುಂದೆ ಬರಬೇಕಾದರೆ ಸೀಟು ಮುಂದೆ ಹೋಗಬೇಕು. ಸೀಟಿನ ಜೊತೆಗೇ ಪೆಡಲ್, ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಎಲ್ಲವೂ ಹೊರಡುತ್ತವೆ. ಆದರೆ ಬಾಗಿಲೂ ಗಾಜಿನ ಚೌಕಟ್ಟೂ ಇದ್ದಲ್ಲೇ ಇರುತ್ತವೆ. ವಿಡಿಯೊದವರು ಸೀಟನ್ನು ಮಾತ್ರ ಸರಿಸಿ ಕೈಬಿಟ್ಟಿದ್ದಾರೆ.

ಅಕ್ಕನ ಮಗ: ಹಾಗಾದರೆ ರೆನೊ 5 ಟರ್ಬೊ? 1980ರಲ್ಲಿ ಕಂಪನಿಯೇ ಮುಂದಿನ ಇಂಜಿನ್ನಿನ ಸಾಮಾನ್ಯ ಕಾರನ್ನು ಹಾಗೆ ಬದಲಾಯಿಸಲಿಲ್ಲವೇ? ಅದೇ ಕಾರು 1981ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೂ ಗೆದ್ದಿತು.

ನಾನು: ಒಳ್ಳೆಯ ಉದಾಹರಣೆ ಕೊಟ್ಟೆ. ಆ ಕಾರಿನಲ್ಲಿ ಹಿಂದಿನ ಸೀಟು ಇತ್ತು. ಅದನ್ನು ಕಿತ್ತರು, ಇಂಜಿನ್ನಿಗೆ ಕೋಣೆ ಸಿಕ್ಕಿತು, ಚಾಲಕ ಇದ್ದಲ್ಲೇ ಕೂತ. ನಮ್ಮ ಎಂಜಿಬಿಯಲ್ಲಿ ಕಿತ್ತುಹಾಕಲು ಏನಿದೆ? ಸಾಮಾನಿಡುವ ಒಂದು ಕಿರಿದಾದ ಜಾಗ, ಅಷ್ಟೇ.

ಅಕ್ಕ: ನನಗೆ ಇಂಜಿನ್ ವಿಷಯ ತಿಳಿಯದು. ಬೆನ್ನ ಹಿಂದೆಯೇ ಕಾದ ಇಂಜಿನ್ ಇಟ್ಟುಕೊಂಡು ಓಡಿಸುವುದು ಅಪಾಯವಲ್ಲವೇ?

ನಾನು: ನಡುವೆ ಗಟ್ಟಿಯಾದ ಬೆಂಕಿ ತಡೆಗೋಡೆ ಇದ್ದರೆ ಅಪಾಯವಿಲ್ಲ ಅಕ್ಕ. ವಿಡಿಯೊದಲ್ಲಿ ಆ ಗೋಡೆ ಒಂದು ತೆಳು ಅಲ್ಯೂಮಿನಿಯಂ ಹಾಳೆ. ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಹಿಂದಿನ ಚಕ್ರಗಳು. ಮುಂದಿನ ಚಕ್ರಗಳಿಂದ ಓಡುವ ಕಾರೊಂದರ ಇಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವನ್ನೂ ಅವನ್ನು ಹೊತ್ತಿರುವ ಚೌಕಟ್ಟಾದ ಸಬ್‌ಫ್ರೇಮ್ ಸಮೇತ ತಂದು ಹಿಂದೆ ಕಟ್ಟಿದ್ದಾರೆ. ಮೊದಲು ಸ್ಟೀರಿಂಗ್‌ಗೆ ಸೇರಿ ಚಕ್ರಗಳನ್ನು ತಿರುಗಿಸುತ್ತಿದ್ದ ಟೈ ರಾಡ್ ಎಂಬ ಸರಳುಗಳನ್ನು ಒಂದು ಬ್ರಾಕೆಟ್‌ಗೆ ಬಿಗಿದುಬಿಟ್ಟಿದ್ದಾರೆ. ಆ ಬ್ರಾಕೆಟ್ ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೆ ಪ್ರತಿ ಉಬ್ಬಿನಲ್ಲೂ ಹಿಂದಿನ ಚಕ್ರ ತಾನಾಗಿಯೇ ಒಳಗೋ ಹೊರಗೋ ತಿರುಗುತ್ತದೆ. ವೇಗದ ತಿರುವಿನಲ್ಲಿ ಹಿಂದಿನಿಂದ ಸ್ಟೀರಿಂಗ್ ಹೊಡೆಯುವ ಕಾರನ್ನು ಯಾರೂ ಹಿಡಿದು ನಿಲ್ಲಿಸಲಾರರು. ನಿನ್ನ ಮಗ ಅಂಥ ಕಾರಿನಲ್ಲಿ ಕೂರುವುದು ನನಗೆ ಬೇಡ.

ಅಕ್ಕನ ಮಗ: ಹಾಗಾದರೆ ಹಿಂದೆಯೇ ಇರಲೆಂದು ಮಾಡಿದ ಸಬ್‌ಫ್ರೇಮ್ ತಂದರೆ? ಎಂಜಿ ಹೆಸರಿನದೇ 1995ರ ಕಾರು ಎಂಜಿಎಫ್‌ನಲ್ಲಿ ಇಂಜಿನ್ ನಡುವೆಯೇ ಇದೆಯಲ್ಲ?

ನಾನು: ಈಗ ದಾರಿಗೆ ಬಂದೆ. ಆದರೆ ಎಂಜಿಎಫ್‌ನದು ದ್ರವ ಮತ್ತು ಅನಿಲದ ಸ್ಪ್ರಿಂಗ್, ಮುಂದಿನದಕ್ಕೂ ಹಿಂದಿನದಕ್ಕೂ ಕೊಳವೆಯ ಸಂಬಂಧ. ಹಿಂದಿನ ಅರ್ಧವನ್ನು ಮಾತ್ರ ತಂದರೆ ಅದು ನಿನಗೆ ತಲೆನೋವು. ಅದರ ನಂತರ ಬಂದ 2002ರ ಎಂಜಿ ಟಿಎಫ್‌ನಲ್ಲಿ ಅದನ್ನು ಬಿಟ್ಟು ಉಕ್ಕಿನ ಸುರುಳಿ ಸ್ಪ್ರಿಂಗ್ ಹಾಕಿದರು. ತರುವುದಾದರೆ ಅದನ್ನು ತಾ. ಇನ್ನೊಂದು ಸಂಗತಿ: ಎಂಜಿಬಿಯ ಹಿಂದಿನ ಆಕ್ಸಲ್ ಪಟ್ಟಿ ಸ್ಪ್ರಿಂಗ್‌ಗಳ ಮೇಲೆ ಕೂತಿದೆ. ದೇಹದ ಹಿಂಭಾಗದ ಭಾರ ಈಗ ಸ್ಪ್ರಿಂಗ್‌ಗಳ ಎರಡು ತುದಿಗಳ ಮೂಲಕ ಆಕ್ಸಲ್‌ಗೆ ಇಳಿಯುತ್ತಿದೆ. ಸಬ್‌ಫ್ರೇಮ್ ಬಂದರೆ ಭಾರ ಇಳಿಯುವ ಬಿಂದುಗಳೇ ಬದಲಾಗುತ್ತವೆ. ನೀನು ಕೊಯ್ದು ತೆಗೆಯುವ ನೆಲವೂ ಇಂದು ಕಾರನ್ನು ಬಾಗದಂತೆ ಹಿಡಿದಿದೆ. ಈ ಕಾರಿಗೆ ಮೇಲ್ಛಾವಣಿಯ ಆಸರೆ ಇಲ್ಲ.

ದೊಡ್ಡಣ್ಣ: ಇಷ್ಟೆಲ್ಲ ಮಾಡಿದ ಮೇಲೆ ಅದು ಎಂಜಿಬಿ ಹೇಗಾಗುತ್ತದೆ? ಎಂಜಿಬಿಯ ಚರ್ಮ ಹೊದ್ದ ಟಿಎಫ್ ಅಷ್ಟೇ.

ಅಕ್ಕನ ಮಗ: ಆದರೂ ಆ ಚರ್ಮಕ್ಕಾಗಿಯೇ ನನಗೆ ಅದು ಬೇಕು, ದೊಡ್ಡ ಮಾವ. ಟಿಎಫ್ ನೋಡಿದರೆ ನನ್ನ ಎದೆ ಹಾರುವುದಿಲ್ಲ.

ನಾನು: ಅವನ ಆಸೆಯನ್ನು ನಾನು ಹೀಗಳೆಯುವುದಿಲ್ಲ ಅಣ್ಣ. ಆದರೆ ಅಪ್ಪನ ಕಾರಿನಲ್ಲಿ ಈಗಲೇ ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿದೆ. ಇಂಜಿನ್ ಹಿಂದಕ್ಕೆ ಹೋದರೆ ಹಿಂಭಾರ ಹೆಚ್ಚಿ, ಬ್ರೇಕಿನ ಹಂಚಿಕೆ, ಮುಂದಿನ ಸ್ಪ್ರಿಂಗ್, ಟೈರುಗಳ ಅಗಲ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಸಮತೋಲ ಬೇಕೆಂದು ಸಮತೋಲವಿರುವ ಕಾರನ್ನು ಕೊಯ್ಯುವುದನ್ನು ನಾನು ಒಪ್ಪಲಾರೆ. ತುಕ್ಕು ಹಿಡಿದ, ದಾಖಲೆ ಸರಿಯಿರುವ ಬೇರೆ ದೇಹ ಹುಡುಕಲಿ. ಅದರ ಹಿಂಭಾಗಕ್ಕೆ ಕೊಳವೆಯ ಚೌಕಟ್ಟು ಕಟ್ಟುವುದಾದರೆ ನಾನೂ ಬಂದು ಬೆಸುಗೆ ಹಿಡಿಯುತ್ತೇನೆ.

ಅಕ್ಕನ ಮಗ: ಸರಿ ಮಾವ. ಮೊದಲು ಏನು ಮಾಡಲಿ?

ನಾನು: ಸೀಟಿನಲ್ಲಿ ನೀನು ಓಡಿಸುವ ಭಂಗಿಯಲ್ಲಿ ಕೂರು. ನಿನ್ನ ಬೆನ್ನಿನಿಂದ ಹಿಂದಿನ ಆಕ್ಸಲ್‌ನ ನಡುಗೆರೆಗೆ ಎಷ್ಟು ಅಂತರವಿದೆ ಎಂದು ಬೇರೆಯವರ ಕೈಯಲ್ಲಿ ಟೇಪ್ ಹಿಡಿಸಿ ಅಳೆ. ಆಮೇಲೆ ಟಿಎಫ್ ಇಂಜಿನ್ನಿನ ಮುಂದಿನ ಅಂಚಿನಿಂದ ಅದರ ಆಕ್ಸಲ್‌ವರೆಗಿನ ಅಂತರವನ್ನು ಪತ್ತೆ ಮಾಡು. ಎರಡೂ ಅಳತೆಗಳನ್ನು ಇಲ್ಲಿ ಹಾಕು, ನಂತರ ಮಾತಾಡೋಣ.