ಪದ ಬೇಕು: ಬಾರ್ಜ್ ಸಾಗಿಸುವ ಟೋಬೋಟ್‌ಗೆ ಏನನ್ನೋಣ?

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಮಿಸಿಸಿಪ್ಪಿ ನದಿಯ ಸಾಗಾಟದ ಬಗ್ಗೆ ಚಿತ್ರಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಮೆಕ್ಕೆಜೋಳ, ಸೋಯಾ, ಮರಳು ತುಂಬಿದ ಬಾರ್ಜ್‌ಗಳನ್ನು (ಎಂಜಿನ್ ಇಲ್ಲದ ಚಪ್ಪಟೆ ಸರಕುದೋಣಿಗಳನ್ನು) ಸಾಗಿಸುವ ಸಣ್ಣ ಟೋಬೋಟ್‌ಗೆ ಸಂಪಾದಕರು 'ಎಳೆದೋಣಿ' ಅಂತ ಹಾಕಿದ್ದಾರೆ. ಚಿತ್ರ ನೋಡಿದರೆ ಅದು ಏನನ್ನೂ ಎಳೆಯುತ್ತಿಲ್ಲ. ಹಿಂದೆ ನಿಂತು ತಳ್ಳುತ್ತಿದೆ!

---

ಎಳೆದೋಣಿ ಬೇಡವೇ ಬೇಡ. ಎಳೆಗರು, ಎಳೆಬಿಸಿಲು ಗೊತ್ತಿದ್ದವರು ದೋಣಿಮರಿ ಅಂದುಕೊಳ್ಳುತ್ತಾರೆ. ಇಂಗ್ಲಿಷಿನ 'ಟೋ' ಎಂದರೆ ಎಳೆಯುವುದು, ಆದರೆ ಅದು ಹೆಸರಿನಲ್ಲಿ ಮಾತ್ರ ಉಳಿದಿದೆ. ಆ ದೋಣಿಯ ಮೂತಿ ಚೂಪಾಗಿರುವುದಿಲ್ಲ, ಚಪ್ಪಟೆ. ಅದಕ್ಕೆ ಎರಡು ಎತ್ತರದ ಉಕ್ಕಿನ ಆನಿಕೆಗಳಿರುತ್ತವೆ, ಅವನ್ನು ಬಾರ್ಜ್‌ಗೆ ಆನಿಸಿ, ತಂತಿ ಹಗ್ಗದಿಂದ ಬಿಗಿದು ತಳ್ಳುತ್ತದೆ. ಹಿಂದೆ ಕಟ್ಟಿ ಎಳೆದರೆ ತಿರುವಿನಲ್ಲಿ ಬಾರ್ಜ್ ಸೆಳವಿಗೆ ಸಿಕ್ಕಿ ಎತ್ತಲೋ ಹೋಗುತ್ತದೆ. ಟಗ್ ಅಂತಲೂ ಬರೆಯಬೇಡಿ. ಅದು ಬಂದರಿನಲ್ಲಿ ಹಡಗು ಎಳೆಯುವ ಬೇರೆ ಜಾತಿ. ತಳ್ಳುದೋಣಿ ಅನ್ನಿ, ಮುಗಿಯಿತು.

---

> ತಳ್ಳುದೋಣಿ ಅನ್ನಿ, ಮುಗಿಯಿತು.

ಮುಗಿಯಲಿಲ್ಲ ಸರ್. ತಳ್ಳುಗಾಡಿಯಲ್ಲಿ ಗಾಡಿ ತಳ್ಳುತ್ತದೋ, ತಳ್ಳಿಸಿಕೊಳ್ಳುತ್ತದೋ? ಅದೇ ಲೆಕ್ಕದಲ್ಲಿ ತಳ್ಳುದೋಣಿ ಎಂದರೆ ಬಾರ್ಜೇ ಆಯಿತು. ಬಾರ್ಜ್‌ಗೆ ತಾನೇ ಎಂಜಿನ್ ಇಲ್ಲದಿರುವುದು? ಇನ್ನು ದೋಣಿ. ಅದು ಸಂಸ್ಕೃತದ ದ್ರೋಣಿ, ಬೇಕಿದ್ದರೆ ವಾದಿಸಿ. ನಮ್ಮದೇ ಹಡಗು ಇದೆಯಲ್ಲ? ಹಳಗನ್ನಡದ ಪಡಗು, ಪಕಾರ ಹಕಾರವಾಗಿ ಬಂದದ್ದು. ತಮಿಳಿನ ಪಡಗು ಇವತ್ತಿಗೂ ಹಾಗೇ ಇದೆ. 'ದೂಡುಹಡಗು' ಅನ್ನಲು ಏನು ಅಡ್ಡಿ?

---

ಕಡೆಗೋಲು ತಾನೇ ಕಡೆಯುತ್ತದೆ. ಉಜ್ಜುಗೊರಡು ತಾನೇ ಉಜ್ಜುತ್ತದೆ. ಒಂದು ತಳ್ಳುಗಾಡಿ ಹಿಡಿದು ವ್ಯಾಕರಣ ಬರೆಯಬೇಡಿ. ಆ ಗಾಡಿಯೂ ಹೊರಗಿಂದ ಬಂದದ್ದೇ.

ಸಣ್ಣ ನದಿದೋಣಿಗೆ ಹಡಗು ಎಂದರೆ ಓದುಗರು ಕಡಲು ಹುಡುಕುತ್ತಾರೆ. ಹೋಗಲಿ, ನಿಮ್ಮ ಅಚ್ಚಕನ್ನಡದ ಹಡಗು ನಿಲ್ಲುವುದೆಲ್ಲಿ? ಬಂದರು ಪಾರಸಿ, ಲಂಗರೂ ಪಾರಸಿ. ಬಳಸುವ ಜನ ಯಾವತ್ತೂ ಊರು ಕೇಳಿಕೊಂಡು ಪದ ತಂದಿಲ್ಲ. ಲಾಂಚ್ ಹೇಗೆ ಬಂತೋ ಟೋಬೋಟ್ ಹಾಗೇ ಬರಲಿ.

---

> ಟೋಬೋಟ್ ಹಾಗೇ ಬರಲಿ

ಬಂದು? ಓದಿದವನಿಗೆ ಚಿತ್ರ ಮೂಡುತ್ತದೆಯೇ? ಹೀಗೆ ಒಂದೊಂದನ್ನೇ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದ್ದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

---

ದಯವಿಟ್ಟು ಆ ಜಗಳ ಆಮೇಲೆ ಆಡಿ. 'ಬಾರ್ಜ್ ತಳ್ಳುವ ದೋಣಿ' ಅಂತ ಹಾಕುತ್ತಿದ್ದೇನೆ. ಉದ್ದ ಜಾಸ್ತಿಯಾಯಿತು, ಆದರೆ ಯಾರು ಯಾರನ್ನು ತಳ್ಳುತ್ತಾರೆ ಅನ್ನುವ ಅನುಮಾನ ಉಳಿಯುವುದಿಲ್ಲ.

ಇನ್ನೊಂದು ಫಲಕ ಬಾಕಿ ಇದೆ. ಅಲ್ಲಿ ಬರೀ 'ಟೋ' ಅಂತಿದೆ. ಅದು ದೋಣಿಯಲ್ಲ, ಒಟ್ಟಿಗೆ ಬಿಗಿದ ಬಾರ್ಜ್‌ಗಳ ಗುಂಪು. ನದಿಯ ಮೇಲ್ಭಾಗದಲ್ಲಿ ದೊಡ್ಡ ದೋಣಿಗಳು ಸಾಮಾನ್ಯವಾಗಿ 15 ಬಾರ್ಜ್ ತಳ್ಳುತ್ತವೆ, ಒಂದೊಂದರಲ್ಲೂ ಸುಮಾರು 1,500 ಟನ್ ಸರಕು. 600 ಅಡಿಯ ಲಾಕ್‌ನಲ್ಲಿ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆಯಲ್ಲಿ) ಅಷ್ಟೂ ಒಂದೇ ಸಲ ಹಿಡಿಸುವುದಿಲ್ಲ, ಗುಂಪನ್ನು ಬಿಚ್ಚಿ ಎರಡು ಕಂತಿನಲ್ಲಿ ದಾಟಿಸುತ್ತಾರೆ. 'ಬಾರ್ಜ್ ಸಾಲು' ಅಂದರೆ ಸಾಕಾ?

---

ಸಾಲು ಬೇಡ. ಅಡ್ಡಕ್ಕೆ ಮೂರು, ಉದ್ದಕ್ಕೆ ಐದು ಇರುತ್ತವೆ. ಬಿಗಿಯುವುದು, ಬಿಚ್ಚುವುದು ಎಂದು ನೀವೇ ಬರೆದಿದ್ದೀರಿ. 'ಕಟ್ಟು' ಅನ್ನಿ. ಅದಕ್ಕಾದರೂ ಯಾರೂ ದ್ರೋಣಿ ತರುವುದಿಲ್ಲ.