ಸಿನಿಮಾದಲ್ಲಿ ವಾದ್ಯ ನುಡಿಸೋದು ಸುಳ್ಳು ಅಂತ ಹೇಗೆ ಗೊತ್ತಾಗುತ್ತೆ?

ದಾವಣಗೆರೆ ಹುಡುಗ: ನನಗಂತೂ ಎಲ್ಲಾ ನಿಜ ಅಂತಲೇ ಕಾಣುತ್ತದೆ. ನುಡಿಸುವವರು ಏನು ನೋಡ್ತೀರಿ?

ಪೇಟಿ ಮಾಸ್ತರ: ದುಗ್ಗಮ್ಮನ ಜಾತ್ರೆ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು ನಾನು. ಮೊದಲು ಎಡಗೈ ನೋಡುತ್ತೇನೆ ತಮ್ಮಾ. ಗಾಳಿ ತುಂಬುವ ತಿದಿ ಒತ್ತದೆ ಸ್ವರ ಹೊರಡುತ್ತದೆಯೇ? ನಾಯಕ ಬಲಗೈ ಬೆರಳು ಕುಣಿಸುತ್ತಾನೆ, ಎಡಗೈ ಪೆಟ್ಟಿಗೆ ಮೇಲೆ ಹಾಯಾಗಿ ಮಲಗಿರುತ್ತದೆ! ಹಾಡು ತಾರಕಕ್ಕೆ ಏರಿದರೂ ಬೆರಳು ಕೆಳಗಿನ ಸ್ವರದ ಮನೆಗಳಲ್ಲೇ ಸುತ್ತುತ್ತಿರುತ್ತದೆ.

ಹಳೇ ಪೇಟೆಯವ: ‘ಸನಾದಿ ಅಪ್ಪಣ್ಣ’ (1977)? ಅಲ್ಲಿ ಶಹನಾಯಿ ಬಿಸ್ಮಿಲ್ಲಾ ಖಾನರದು ಅಲ್ವಾ?

ಪೇಟಿ ಮಾಸ್ತರ: ಹೌದು, ಉಸಿರು ಖಾನರದು. ಆದರೂ ರಾಜಕುಮಾರ್ ಅವರೇ ಊದುತ್ತಿದ್ದಾರೆ ಅನ್ನಿಸುತ್ತದೆ ನನಗೆ. ಸುಮ್ನೆ ಅಭಿಮಾನಕ್ಕೆ ಹೇಳ್ತಿಲ್ಲ.

ವೀಣೆ ಕಲಿಯುವವಳು: ವೀಣೆ ಬಿಟ್ಟಿರಲ್ಲ ಸರ್. ಗಮಕ (ಸ್ವರದ ಓಲಾಟ) ಕೇಳುತ್ತಿರುತ್ತದೆ, ಎಡಗೈ ಬೆರಳು ತಂತಿ ಎಳೆಯುವುದೇ ಇಲ್ಲ. ಬಳೆ ಮಾತ್ರ ಚೆನ್ನಾಗಿ ಕಾಣುತ್ತದೆ.